ಚಿತ್ ಸಿದ್ದರಾಮು

ಕೂತಲ್ಲಿಂದ ಏಳುವಾಗ ಸಿದ್ದರಾಮುವಿಗೆ ಯಾರೂ ಕೈ ಕೊಡಕೂಡದು. ಮದುವೆಮನೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಂಡಮೇಲೆ, ಅರವತ್ತು ದಾಟಿದ ಮೊಣಕಾಲುಗಳು ಮುಷ್ಕರ ಹೂಡಿರುವಾಗಲೂ, ಪಕ್ಕದವರು ಚಾಚಿದ ಕೈಯನ್ನು ಒರಟಾಗಿಯೇ ಸರಿಸಿ, "ಕೈ ಬುಡಿ, ಏಳ್ತಾವ್ನಿ" ಎನ್ನುತ್ತಾನೆ. "ಊಟುಕ್ ಕರ್ದೋರ್ ಮ್ಯಾಲೂ ಗುದ್ದಾಡ್ತಾರಲ್ಲ ಇವ್ರು" ಎಂದು ಹೆಂಡತಿ ಹೊಂಬಾಳಮ್ಮ ನಾಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಾರೆ.

ಮಂಡ್ಯದ ಗುತ್ತಲಿನಿಂದ ಮಳವಳ್ಳಿಯ ಬಸ್ಸು ಹಿಡಿದು ಸಿದ್ದರಾಮುವೂ ನಾನೂ ವರ್ಷಾನುಗಟ್ಟಲೆ ಜೊತೆಯಾಗಿ ಓಡಾಡಿದವರು. ಅಲ್ಲಿನ ಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ, ಆತ ಡ್ರಿಲ್ ಮಾಡಿಸುತ್ತಿದ್ದ. ಎಡಭುಜವನ್ನು ಮುಂದೆ ಬಿಟ್ಟು, ಗದ್ದವನ್ನು ಎದೆಗೊತ್ತಿ, ಸಂತೆಯ ಜಂಗುಳಿಯಲ್ಲೂ ಯಾರಿಗೂ ತಾಗದೆ ಜಾರಿಕೊಂಡು ಹೋಗುವ ನಡಿಗೆ ಅವನದು. ಬಿರುಬೇಸಗೆಯಲ್ಲೂ ಮೈಮೇಲೆ ರಾಜ್ಯ ತಂಡದವರು ಕೊಟ್ಟ ನೀಲಿ ಕೋಟು, ಅದರ ಮೊಣಕೈಗೆ ಹೊಂಬಾಳಮ್ಮ ಹಾಕಿದ ತೇಪೆ, ಯಾವ ಮಾತಿಗೂ ಮುಂಚೆ ಒಂದು "ಅದಿರ್ಲಿ ಬುಡಿ ಮೇಷ್ಟ್ರೇ." ಈ ಮನುಷ್ಯ ಸತತ ಹಲವು ವರ್ಷ ಈ ರಾಜ್ಯದ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಎಲ್ಲಿ ಬೇಕಾದರೂ ವಿಚಾರಿಸಿ ನೋಡಿ. "ಯಾವ ಸಿದ್ದರಾಮು? ಓ, ಚಿತ್ ಆದ್ನಲ್ಲ, ಅವ್ನಾ?" ಎನ್ನುತ್ತಾರೆ. ನಮ್ಮ ಜನಕ್ಕೆ ಒಬ್ಬನ ಹತ್ತು ಗೆಲುವುಗಳನ್ನು ಮರೆಯಲು ಒಂದು ಸಂಜೆ ಸಾಕು.

ಆ ಸಂಜೆಯನ್ನು ನಾನು ಕಣ್ಣಾರೆ ಕಂಡವನು. ಮಂಡ್ಯದ ಮೈದಾನದಲ್ಲಿ ರಿಂಗು ಹಾಕಿದ್ದರು. ಗೆದ್ದವನಿಗೆ ದೇಶದ ತಂಡದಲ್ಲಿ ಜಾಗ ಸಿಗುವುದಿತ್ತು. ತನ್ನೂರ ಜನರೆದುರು ಆಡುವಾಗ ರಿಂಗಿನ ತನ್ನ ಮೂಲೆಯಲ್ಲಿ ತರಬೇತುದಾರರ ಜೊತೆಗೆ ಸೋದರಮಾವ ಜವರಯ್ಯನೂ ಇರಲೇಬೇಕೆಂದು ಸಿದ್ದರಾಮು ಹಟ ಹಿಡಿದಿದ್ದ. ಹೊಳಲಿನ ಗರಡಿಯಲ್ಲಿ ಅಳಿಯನಿಗೆ ಮೊದಲ ಪಟ್ಟು ಕಲಿಸಿದ ಆ ಪೈಲ್ವಾನನಿಗೆ ಬಾಕ್ಸಿಂಗಿನ ಗಂಧಗಾಳಿ ಇರಲಿಲ್ಲ. ಎರಡನೆಯ ಸುತ್ತಿನಲ್ಲಿ ದವಡೆಗೆ ಏಟು ಬಿದ್ದು ಸಿದ್ದರಾಮು ಅಂಗಾತ ಬಿದ್ದ. ಬಾಕ್ಸಿಂಗಿನಲ್ಲಿ ಬಿದ್ದವನಿಗೆ ಹತ್ತು ಎಣಿಸುವವರೆಗೆ ಏಳುವ ಅವಕಾಶವಿದೆ; ಗರಡಿಯ ಮಣ್ಣಿನಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಕುಸ್ತಿ ಮುಗಿದಂತೆಯೇ, ಆಮೇಲೆ ಬಿದ್ದವನನ್ನು ಎತ್ತಿ ಮೈಯ ಮಣ್ಣು ಒರೆಸುವುದು ಹಿರಿಯರ ಧರ್ಮ. ಕುಸ್ತಿ ನೋಡಿಯೇ ಬೆಳೆದ ನಮ್ಮ ಜನ "ಚಿತ್! ಚಿತ್!" ಎಂದು ಕೂಗುತ್ತ ಎದ್ದು ನಿಂತರು. ರೆಫರಿ ಇನ್ನೂ ಎಣಿಸುತ್ತಿದ್ದ. ಸಿದ್ದರಾಮು ಮೊಣಕಾಲೂರಿ ಏಳುತ್ತಿದ್ದ. ಅಷ್ಟರಲ್ಲಿ ಜವರಯ್ಯ ಹಗ್ಗದಡಿ ನುಸುಳಿ ಬಂದು, ಎರಡೂ ಕಂಕುಳಿಗೆ ಕೈಕೊಟ್ಟು ಅವನನ್ನು ಎತ್ತಿಬಿಟ್ಟ. ಆಟದ ನಡುವೆ ಮೂಲೆಯವರು ಒಳಗೆ ಬಂದರೆ ಆಟಗಾರ ಅನರ್ಹ. ಇಂಗ್ಲಿಷಿನಲ್ಲಿ ಸಾರಿದ ಆ ತೀರ್ಪನ್ನು ಆ ಗದ್ದಲದಲ್ಲಿ ಕೇಳಿಸಿಕೊಂಡವರು ಕಡಿಮೆ; ಅವನು ಚಿತ್ ಆದನೆಂದೇ ಊರೆಲ್ಲ ನಂಬಿತು. ಮುಂದಿನ ಆಯ್ಕೆಯ ಹೊತ್ತಿಗೆ ಸಿದ್ದರಾಮುವಿನ ವಯಸ್ಸು ಮೀರಿತ್ತು.

ಅಲ್ಲಿಂದ ಮುಂದೆ ಜವರಯ್ಯನಿಗೆ ಅದೇ ಕಥೆ, ಅದೇ ಹೆಮ್ಮೆ. ಹೊಳಲಿನ ಟೀ ಅಂಗಡಿಯಲ್ಲಿ ಅಳಿಯನನ್ನು ಪಕ್ಕದಲ್ಲೇ ಕೂರಿಸಿಕೊಂಡು, "ನಾ ಓಗ್ದೆ ಇದ್ದಿದ್ರೆ ಇವ್ನು ಅವತ್ತು ಅಲ್ಲೇ ಗೊಟಕ್ ಅಂದಿರೋನು ಕಣ್ಲಾ. ಅಕ್ಕುಂಗೆ ಏನಂತ ಯೋಳ್ಲಿ? ನುಗ್ಬುಟ್ಟೆ" ಎನ್ನುತ್ತಿದ್ದ. ಅಳಿಯ ಟೀ ಊದಿಕೊಂಡು ಕುಡಿಯುತ್ತಿದ್ದ.

ಎರಡು ವರ್ಷದ ಕೆಳಗೆ, ಮದ್ದೂರಿನ ಕ್ರೀಡಾಸಂಘದ ಪ್ರಸನ್ನ ಎಂಬ ಯುವಕ ಸನ್ಮಾನಕ್ಕೆ ಕರೆಯಲು ಗುತ್ತಲಿನ ಸಿದ್ದರಾಮುವಿನ ಮನೆಗೆ ಬಂದ, ನಾನೂ ಅಲ್ಲಿದ್ದೆ. "ಸಾರ್, ಅವತ್ತು ನೀವು ನಾಕೌಟ್ ಆಗಿರ್ಲಿಲ್ವಂತೆ, ನಮ್ ಕೋಚ್ ಹೇಳ್ತಿದ್ರು. ವೇದಿಕೆ ಮೇಲೆ ನೀವೇ ಅದನ್ನ ಹೇಳ್ಬೇಕು" ಎಂದ. ವಯಸ್ಸಾಗಿ ಅಳಿಯನ ಮನೆ ಸೇರಿ, ಮೂಲೆಯ ಮಂಚದಲ್ಲಿ ಮಲಗಿದ್ದ ಜವರಯ್ಯ ತಲೆಯೆತ್ತಿದ.

"ಲೇ ಸಿದ್ದ, ಏನ್ಲಾ ಅದು? ಅವತ್ತು ಏಳ್ತಿದ್ಯಾ ನೀನು?"

ಅಷ್ಟು ವರ್ಷ ನುಂಗಿಕೊಂಡಿದ್ದ ಮಾತು ಈಗ ನಾಲಗೆಯ ತುದಿಗೆ ಬಂದಿದೆಯೆಂದು ಸಿದ್ದರಾಮುವಿನ ಮುಖ ನೋಡಿಯೇ ನನಗೆ ತಿಳಿಯಿತು. ಹೇಳಿಬಿಡಲೆಂದು ಮನಸ್ಸಿನಲ್ಲೇ ಹಾರೈಸಿದೆ.

"ಇಲ್ಲ ಕಣ್ ಮಾವ. ನನ್ ಕೈಲಿ ಏಳಕ್ಕಾಗ್ನಿಲ್ಲ. ನೀನ್ ಬಂದೆ, ಉಳ್ಕಂಡೆ."

ಮುದುಕ ಸಮಾಧಾನದಿಂದ ಮಗ್ಗುಲು ಬದಲಿಸಿದ. ಮದ್ದೂರಿನ ಸನ್ಮಾನದಲ್ಲಿ ಭಾಷಣಕಾರರೆಲ್ಲರೂ ಸಿದ್ದರಾಮುವಿನ ಘೋರ ಸೋಲನ್ನು ನೆನೆದು, ಸೋಲಿಗೆ ಕುಗ್ಗದ ಅವನ ಸ್ಥೈರ್ಯವನ್ನು ಕೊಂಡಾಡಿ, ಹಾರ ಹಾಕಿದರು.

ಹೋದ ವರ್ಷ ಜವರಯ್ಯ ತೀರಿಕೊಂಡ. ತಿಥಿ ಮುಗಿಸಿ ಹೊಳಲಿನಿಂದ ಬರುವಾಗ, "ಇನ್ನಾದರೂ ಹೇಳಬಹುದಲ್ಲ ಸಿದ್ದರಾಮು, ನೊಂದುಕೊಳ್ಳುವವರು ಈಗ ಯಾರಿದ್ದಾರೆ?" ಎಂದೆ.

"ಬದ್ಕಿದ್ದಾಗ ಯೋಳಿದ್ರೆ ಮಾವ ಬಯ್ಯೋನು, ಇಲ್ಲ ಅಳೋನು. ಅತ್ರೆ ನಾನು ಸಮಾದಾನ ಮಾಡ್ಬೋದಿತ್ತು. ಈಗ ಯೋಳುದ್ರೆ ಯಾರ್ನ ಸಮಾದಾನ ಮಾಡ್ಲಿ ಮೇಷ್ಟ್ರೇ?" ಎಂದವನು, ಕಣ್ಣು ತುಂಬಿಕೊಂಡು, "ಅವತ್ತು ಎದ್ದಿರೋನು ನಾನು" ಎಂದ.

ಅವನ ಪರವಾಗಿ ನನಗೆ ಇಂದಿಗೂ ದುಃಖವಿದೆ, ಅವನ ಮೇಲೆ ಕೊಂಚ ಸಿಟ್ಟೂ ಇದೆ. ಗೆದ್ದವರ ಚರಿತ್ರೆಯನ್ನು ಅವರ ಸೋಲುಗಳೇ ರೂಪಿಸುತ್ತವೆಂದು ಬಲ್ಲವರು ಹೇಳುತ್ತಾರೆ. ಆದರೆ ಸಿದ್ದರಾಮುವಿನಂಥವರು ಹೊತ್ತುಕೊಂಡು ತಿರುಗುವ ಸೋಲು, ತಮ್ಮನ್ನು ಪ್ರೀತಿಸಿದವರ ತಪ್ಪನ್ನು ತಮ್ಮ ಹೆಸರಿಗೆ ಬರೆಸಿಕೊಂಡದ್ದು. ಅಂಥವರನ್ನು ಕಣ್ಣಾರೆ ಕಂಡ ನಾವು ಒಬ್ಬಿಬ್ಬರು ಹೋದಮೇಲೆ, ಊರು ಹೇಳುವುದೇ ನಿಜವಾಗಿ ಉಳಿಯುತ್ತದೆ.