ಕರಿ ಮೊಲದೊಳಗಿನ ಬಿಳಿ ಪಾಲು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಅಕ್ಕನ ಪಾಲಿಗೆ ಬರೀ ಗಾದೆಯಾಗಿರಲಿಲ್ಲ, ಬೆನ್ನ ಮೇಲೆ ಬಿದ್ದ ಬರೆಯೇ ಆಗಿತ್ತು. ಅಪ್ಪ ಅವಳಿಗೂ ತಮ್ಮನಿಗೂ ಸೇರಿಸಿ ಬಿಟ್ಟುಹೋದ ಶೆಡ್ಡಿನಲ್ಲಿ ಸಾಕುತ್ತಿದ್ದುದು ಕರಿ ಮೊಲಗಳನ್ನು ಮಾತ್ರ. ಅಂಥ ಕರಿ ಜೋಡಿಗೆ ಒಂದು ಬಿಳಿ ಮರಿ ಹುಟ್ಟಿಬಿಟ್ಟಿತು. ಮೊಲ ಕೊಳ್ಳುವ ಕಾಯಂ ವ್ಯಾಪಾರಿಯ ಎದುರಿಗೇ ತಮ್ಮ ಕೂಗಾಡಿದ.

“ಇವಳು ಚಿಲಕ ಹಾಕೋದು ಮರ್ತಿದ್ದಾಳೆ. ಯಾವ್ದೋ ಬಿಳಿ ಮೊಲ ಒಳಗೆ ನುಗ್ಗಿದೆ! ಇದನ್ನ ತಗೊಂಡು ಆಚೆ ನಡಿ!”

ಮರಿಯನ್ನು ಮಡಿಲಿಗೆ ಹಾಕಿಕೊಂಡು ಅಕ್ಕ ಹೊರಬಿದ್ದಳು. ಬಾಡಿಗೆ ಕೋಣೆಯ ಒಲೆ ಪಕ್ಕ ಅದನ್ನೂ ಸಾಕಿದಳು, ಸಿಟ್ಟನ್ನೂ ಸಾಕಿದಳು. ಎರಡೂ ಚೆನ್ನಾಗಿ ಬೆಳೆದವು.

ಅವಳಿಗೆ ನಿಜ ಗೊತ್ತಿತ್ತು: ಚಿಲಕ ಹಾಕಿಯೇ ಇತ್ತು, ಹೊರಗಿನ ಮೊಲ ಯಾವುದೂ ನುಗ್ಗಿರಲಿಲ್ಲ. ಬಣ್ಣದಲ್ಲಿ ಮರಿಗೆ ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು. ಒಂದು ಪಾಲು ಕಪ್ಪಾದರೂ ಸಾಕು, ಮೈ ಕಪ್ಪೇ. ಬಿಳಿಯಾಗಲು ಎರಡೂ ಬಿಳಿಯಿರಬೇಕು. ಹಾಗಾದರೆ ಶುದ್ಧ ಕರಿ ತಳಿಯದೆಂದು ತಮ್ಮ ಮೀಸೆ ತಿರುವಿ ಹೇಳುತ್ತಿದ್ದ ಗಂಡು ಮೊಲದೊಳಗೇ, ಈ ಮರಿಯ ತಂದೆಯೊಳಗೇ, ಒಂದು ಬಿಳಿ ಪಾಲು ಅಡಗಿ ಕೂತಿತ್ತು. ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಹುಟ್ಟಿಸಿಯೇ ತೋರಿಸಬೇಕಿತ್ತು.

ವ್ಯಾಪಾರಿ ಆ ಗಂಡು ಮೊಲವನ್ನು ನೋಡಲು ಬಂದ ದಿನ, ತಾನು ಸಾಕಿ ಬೆಳೆಸಿದ ಬಿಳಿ ಹೆಣ್ಣು ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಅಕ್ಕ ಶೆಡ್ಡಿಗೇ ಬಂದಳು.

“ಇದ್ರ ಜೊತೆ ಕೂಡಿಸು. ನಿನ್ ಗಂಡು ಶುದ್ಧವಾಗಿದ್ರೆ ಎಲ್ಲಾ ಮರೀನೂ ಕಪ್ಪೇ ಹುಟ್ಬೇಕು. ಹಾಗಾದ್ರೆ ನನ್ ಪಾಲು ಬಿಟ್ಕೊಡ್ತೀನಿ. ಒಂದೇ ಒಂದು ಬಿಳಿ ಬಂತೋ, ಶೆಡ್ಡು ನಂದು.”

“ಲೆಕ್ಕ ಸರಿಯಾಗೇ ಇದೆ,” ಎಂದ ವ್ಯಾಪಾರಿ. “ಕೂಡಿಸಿದ್ಮೇಲೆ ಮರಿ ಹಾಕೋವರ್ಗೂ ಹೆಣ್ಣು ನನ್ ಅಂಗಡೀಲೇ ಇರ್ಲಿ, ಆಮೇಲೆ ಯಾರ್ಗೂ ಅನುಮಾನ ಬೇಡ.”

ಹಿಂಜರಿದರೆ ಮಾನ ಹೋಗುತ್ತದಲ್ಲ! ತಮ್ಮ ಒಪ್ಪಿಬಿಟ್ಟ. ಹಳ್ಳ ತೋಡಿದವನೇ ಅಂಚಿಗೆ ಬಂದು ನಿಂತ.

ಆದರೆ ಅಕ್ಕನಿಗೂ ನೆಮ್ಮದಿಯಿರಲಿಲ್ಲ. ಹೆಣ್ಣು ಕೊಡುವುದು ಬಿಳಿ ಪಾಲನ್ನೇ, ಗಂಡು ಕೊಡುವುದು ಕಪ್ಪೋ ಬಿಳಿಯೋ; ಒಂದೊಂದು ಮರಿಯೂ ಚಿಮ್ಮಿದ ನಾಣ್ಯವೇ. ಆರು ಮರಿಗಳಾದರೆ ಆರೂ ಕಪ್ಪಾಗುವ ಸಾಧ್ಯತೆ ಅರವತ್ನಾಲ್ಕರಲ್ಲಿ ಒಂದು. ಆ ಒಂದನ್ನೇ ಅವಳು ರಾತ್ರಿಯೆಲ್ಲ ಎಣಿಸಿದಳು.

ತಿಂಗಳಾದ ಮೇಲೆ ವ್ಯಾಪಾರಿ ಇಬ್ಬರನ್ನೂ ಕರೆಸಿದ. ಹೆಣ್ಣು ಕಿತ್ತು ಹಾಸಿದ್ದ ತುಪ್ಪಳದೊಳಗೆ ಕೈಹಾಕಿದ. ಹುಟ್ಟಿದ ಮರಿಗೆ ಕೂದಲಿರುವುದಿಲ್ಲ. ಕಪ್ಪಾಗುವುದರ ಚರ್ಮ ಆಗಲೇ ಕಪ್ಪು, ಬಿಳಿಯದು ನಸುಗೆಂಪು. ಮೊದಲನೆಯದು ಕಪ್ಪು. ಎರಡನೆಯದೂ ಕಪ್ಪು. ಮೂರನೆಯದೂ. ನಾಲ್ಕನೆಯದಕ್ಕೆ ತಮ್ಮ ಹಲ್ಲು ಕಿರಿದ.

“ಏನಕ್ಕಾ, ಬುಟ್ಟಿ ಕಟ್ಕೋತೀಯಾ?”

ಐದನೆಯದನ್ನು ವ್ಯಾಪಾರಿ ಅಂಗೈ ಮೇಲಿಟ್ಟು ಬೆಳಕಿಗೆ ಹಿಡಿದ. ನಸುಗೆಂಪು. ಆರನೆಯದೂ ನಸುಗೆಂಪೇ.

“ಈ ಬಿಳಿ ನಿಮ್ ಗಂಡಿಂದಾನೇ ಬಂದಿದ್ದು ಕಣಪ್ಪಾ. ಅವತ್ತು ಈಯಮ್ಮನ ತಪ್ಪೇನೂ ಇರ್ಲಿಲ್ಲ,” ಎಂದ ವ್ಯಾಪಾರಿ.

ತಮ್ಮ ಶೆಡ್ಡಿನವರೆಗೂ ಅಕ್ಕನ ಹಿಂದೆಯೇ ಬಂದ.

“ಅಕ್ಕಾ, ಗೊತ್ತಿಲ್ದೆ ಅಂದ್ಬಿಟ್ಟೆ. ಒಡಹುಟ್ಟಿದೋನು ಕಣೇ ನಾನು.”

ಅವಳ ಕರುಳು ಚುರ್ ಎನ್ನಲಿಲ್ಲ. ಎನ್ನಬಹುದೇನೋ ಎಂದು ಒಂದು ಗಳಿಗೆ ಕಾದಳು, ಇಲ್ಲ. ಹೊಟ್ಟೆಯೊಳಗಿನ ಉರಿಗೆ ತಣ್ಣೀರು ಬಿದ್ದಂತಾಯಿತು, ಅಷ್ಟೇ. ಆ ಗಂಡು ಮೊಲವನ್ನು ಗೂಡಿನಿಂದೆತ್ತಿ ತಮ್ಮನ ಮಡಿಲಿಗೆ ಹಾಕಿದಳು.

“ಇದನ್ನ ತಗೊಂಡು ಆಚೆ ನಡಿ.”

ಅವನು ಹೊಸ್ತಿಲು ದಾಟುತ್ತಿದ್ದಂತೆ ಮತ್ತೆ ಕೂಗಿದಳು.

“ಹೋಗೋವಾಗ ಚಿಲಕ ಹಾಕ್ಕೊಂಡು ಹೋಗೋ, ಮರೀಬೇಡ.”