ಉಳಿಸಿದವಳಿಗೆ ಕಡಿತ

ನನ್ನ ಗಂಡನಿಗೆ ಮನೆಯಲ್ಲಿ ಹಣಕಾಸು ಮಂತ್ರಿ ಎಂದು ಹೆಸರು. ಇಟ್ಟವಳು ನಾನೇ, ಮದುವೆಯಾದ ಹೊಸದರಲ್ಲಿ, ಪ್ರೀತಿಯಿಂದ. ಈಗ ಅದೇ ಹೆಸರನ್ನು ಹಲ್ಲು ಕಡಿದುಕೊಂಡು ಹೇಳುತ್ತೇನೆ.

ಮಂತ್ರಿಗಳ ಕಾನೂನು ಸರಳ. ಅವರ ಸಂಬಳ, ನನ್ನ ಹೊಲಿಗೆಯ ದುಡ್ಡು ಎರಡೂ ಒಂದೇ ಖಾತೆಗೆ ಬೀಳಬೇಕು. ತಿಂಗಳ ಮೊದಲ ದಿನ ಅಡುಗೆಗೆ ಇಷ್ಟು, ಮಗಳ ಶಾಲೆಗೆ ಇಷ್ಟು, ಅತ್ತೆಯ ಔಷಧಿಗೆ ಇಷ್ಟು ಎಂದು ಹಂಚುತ್ತಾರೆ. ಕೊನೆಯ ದಿನ ಯಾರ ಕೈಯಲ್ಲಿ ಏನು ಉಳಿದಿದೆಯೋ ಅದನ್ನೆಲ್ಲ ವಾಪಸ್ ತೆಗೆದುಕೊಂಡು ಮ್ಯೂಚುವಲ್ ಫಂಡಿಗೆ ಹಾಕುತ್ತಾರೆ. ಇಷ್ಟೇ ಆಗಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ. ಆದರೆ ಮುಂದಿನ ತಿಂಗಳು ಕೈಗೆ ಸಿಗುವುದು ಹಿಂದಿನ ತಿಂಗಳು ಖರ್ಚಾದಷ್ಟೇ. ಅಷ್ಟರಲ್ಲಿ ಮನೆ ನಡೆಯಿತಲ್ಲ, ಮತ್ತೆ ಜಾಸ್ತಿ ಯಾಕೆ ಎನ್ನುವುದು ಅವರ ವಾದ.

ನಾನೋ, ಉಳಿಸುವುದೇ ಒಂದು ಸಾಧನೆ ಎಂದುಕೊಂಡವಳು. ನನ್ನ ಕಾಫಿಗೆ ಹಾಲು ಹಾಕುವುದನ್ನೇ ನಿಲ್ಲಿಸಿದೆ. ಬಟ್ಟೆಯ ಗಂಟು ಹೊತ್ತು ಬಸ್ಸಿನ ದಾರಿಯನ್ನು ನಡೆದೆ. ಎಣ್ಣೆ ಡಬ್ಬವನ್ನು ಒಲೆಯ ಪಕ್ಕ ಬೋರಲು ಹಾಕಿ ಕೊನೆಯ ಹನಿಯವರೆಗೂ ಇಳಿಸಿದೆ. ಉಳಿಸಿದಷ್ಟೂ ನನ್ನ ಪಾಲಿಗೆ ಕತ್ತರಿ ಬಿತ್ತು. ಕತ್ತರಿ ಬಿದ್ದದ್ದರಲ್ಲೂ ಮತ್ತೆ ಉಳಿಸಿದೆ. ಯಾಕೆಂದರೆ ಇವರು ಮಾತು ಕೊಟ್ಟಿದ್ದರು: ದುಡ್ಡು ಬೆಳೆಯಲಿ, ಅದರಲ್ಲೇ ನಿನಗೆ ಓವರ್‌ಲಾಕ್ ಮಷೀನು ತರೋಣ ಎಂದು.

ಬಟ್ಟೆಯ ಅಂಚಿನ ದಾರ ಬಿಚ್ಚದಂತೆ ಸುತ್ತಿ ಹೊಲಿಯುವ ಮಷೀನು ಅದು. ನನ್ನಲ್ಲಿಲ್ಲ. ಹೊಲಿದದ್ದನ್ನೆಲ್ಲ ಪಕ್ಕದ ಬೀದಿಯ ಟೈಲರ್ ಹತ್ತಿರ ಒಯ್ದು, ಅವನ ಬಿಡುವಿಗೆ ಕಾದು, ಅವನು ಕೇಳಿದಷ್ಟು ಕೊಟ್ಟು ಅಂಚು ಹಾಕಿಸಿಕೊಂಡು ಬರಬೇಕು. ಲಾಭವೆಲ್ಲ ಅವನ ಗಲ್ಲಾಪೆಟ್ಟಿಗೆಗೆ.

ಹೋದ ವಾರ ನಮ್ಮೂರಿನ ಆಸ್ಪತ್ರೆಯ ಮೇಲ್ವಿಚಾರಕಿ ಮನೆಗೇ ಬಂದರು. ನಾನು ಹೊಲಿದ ಒಂದು ಅಂಗಿಯನ್ನು ಒಳಹೊರಗು ಮಾಡಿ, ಉಗುರಿನಿಂದ ಹೊಲಿಗೆ ಕೆರೆದು ನೋಡಿದರು. ನರ್ಸುಗಳ ಯೂನಿಫಾರ್ಮು ವರ್ಷವಿಡೀ ನನಗೇ ಕೊಡಲು ಒಪ್ಪಿದರು. ಆದರೆ ಬಟ್ಟೆ ಊರೆಲ್ಲ ತಿರುಗಿ ತಡವಾಗುವುದು ಅವರಿಗೆ ಬೇಡ. ಈ ವಾರದೊಳಗೆ ಮಷೀನು ಮನೆಯಲ್ಲಿರಬೇಕು, ಇಲ್ಲದಿದ್ದರೆ ಕೆಲಸ ಆ ಪಕ್ಕದ ಬೀದಿಯವನಿಗೆ.

ಇವತ್ತು ಸಂಜೆ ಇವರ ಮುಂದೆ ನಿಂತು ಕೇಳಿದೆ. ಫೋನಿನಿಂದ ತಲೆ ಎತ್ತದೆ, ಮಾರ್ಕೆಟ್ಟು ಬಿದ್ದಿದೆ, ಈಗ ತೆಗೆದರೆ ನಷ್ಟ, ಮುಂದಿನ ವರ್ಷ ನೋಡೋಣ ಎಂದರು. ಆರ್ಡರು ಮುಂದಿನ ವರ್ಷದವರೆಗೆ ಕಾಯುತ್ತದೆಯೇ ಎಂದರೆ, ತಾಳ್ಮೆ ಇಲ್ಲದವರು ಹೂಡಿಕೆ ಮಾಡಬಾರದು ಎಂದು ನನಗೇ ಪಾಠ ಹೇಳಿದರು. ತೂತುಬಿದ್ದ ಬನಿಯನ್ ಹಾಕಿಕೊಂಡೇ ಹೇಳಿದರು. ಒಂದು ಚಟವಿಲ್ಲ, ಒಂದು ಶೋಕಿಯಿಲ್ಲ ಈ ಮನುಷ್ಯನಿಗೆ. ಜಗಳವಾಡೋಣವೆಂದರೆ ಅದಕ್ಕೂ ಒಂದು ನೆಪ ಇಟ್ಟಿಲ್ಲವಲ್ಲ ಎಂದು ನನ್ನ ಸಿಟ್ಟು ಇನ್ನಷ್ಟು ಏರಿತು.

ಪಾತ್ರೆಗಳ ಮೇಲಾದರೂ ತೀರಿಸಿಕೊಳ್ಳೋಣವೆಂದು ಅಡುಗೆಮನೆಗೆ ಹೋದರೆ, ಅತ್ತೆ ಮಂಡಿನೋವಿನ ಎಣ್ಣೆಯನ್ನು ಸಿಂಕಿಗೆ ಸುರಿಯುತ್ತಿದ್ದರು. ಅರ್ಧ ಬಾಟಲಿ. ನನ್ನನ್ನು ಕಂಡು ಗಾಬರಿಯಾದರು.

"ತಿಂಗಳ ಕೊನೆ ಅಲ್ವೇನಮ್ಮ," ಎಂದರು. "ಖಾಲಿ ಬಾಟಲಿ ತೋರಿಸದೇ ಇದ್ರೆ ಮುಂದಿನ ತಿಂಗಳು ದುಡ್ಡು ಕೊಡಲ್ಲ. ಒಂದ್ಸಲ ಕಡಿಮೆ ಆದ್ರೆ ಆಮೇಲೆ ಜಾಸ್ತಿ ಮಾಡಿಸೋಕೆ ಆಗುತ್ತಾ?"

ಮಗಳೂ ಹೀಗೇ ಹೊಸ ಪೆನ್ಸಿಲ್ಲುಗಳನ್ನು ಹೆರೆದು ಹೆರೆದು ಚೋಟುದ್ದ ಮಾಡುತ್ತಾಳಂತೆ. ಹೇಳಿಕೊಟ್ಟದ್ದು ಅಜ್ಜಿ. ಮೂರು ಹೆಂಗಸರ ಮನೆಯಲ್ಲಿ ಪೆದ್ದಿ ನಾನೊಬ್ಬಳೇ. ಬಿಸಿಲಲ್ಲಿ ಗಂಟು ಹೊತ್ತು ನಾನು ಉಳಿಸಿದ್ದು ಇತ್ತ ಚರಂಡಿಗೆ ಹರಿಯುತ್ತಿತ್ತು. ಅಳಬೇಕೋ ಕೂಗಾಡಬೇಕೋ ತಿಳಿಯದೆ, ಈ ಬುದ್ಧಿ ನಿಮಗೆ ಎಲ್ಲಿಂದ ಬಂತು ಅತ್ತೆ ಎಂದು ಕೇಳಿದೆ. ಮಗನ ಆಫೀಸಿನಿಂದಲೇ ಎಂದರು. ಅಲ್ಲಿ ವರ್ಷದ ಕೊನೆಗೆ ಬೇಡದ ಕುರ್ಚಿ, ಬೇಡದ ಬೀರು ಎಲ್ಲ ಕೊಳ್ಳುತ್ತಾರಂತೆ, ದುಡ್ಡು ಉಳಿದರೆ ಮುಂದಿನ ವರ್ಷ ಕಡಿತ ಎಂದು. ಇವರೇ ನಗುತ್ತಾ ಹೇಳಿದ್ದರಂತೆ.

ನಿಂತ ಹಾಗೇ ಹೊರಗೆ ಇವರ ಹತ್ತಿರ ಬಂದೆ. ನಿಜವೇ ಎಂದು ಕೇಳಿದೆ. ಎಲ್ಲ ಆಫೀಸುಗಳಲ್ಲೂ ಹಾಗೇ, ಅದರಲ್ಲೇನು ವಿಶೇಷ ಎಂದರು.

"ಅಂದ್ರೆ ಉಳಿಸಿದೋರಿಗೇ ಪೆಟ್ಟು ಬೀಳುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು," ಎಂದರು. "ಆದ್ರೆ ನೀನು ಆಫೀಸಿನೋರ ಥರ ಹಾಳು ಮಾಡೋಳಲ್ಲ ಅಂತಾನೂ ಗೊತ್ತಿತ್ತು."

ಹೊಗಳಿಕೆ ಎಂದುಕೊಂಡೇ ಹೇಳಿದರು! ಮುಖದಲ್ಲಿ ಮುಗುಳ್ನಗೆ ಬೇರೆ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಪ್ರಾಮಾಣಿಕತೆಯನ್ನೇ ನಂಬಿ ನನ್ನ ಕೈ ಬರಿದು ಮಾಡಿದ್ದರು. ನಾನು ಒಳ್ಳೆಯವಳಾಗಿದ್ದಷ್ಟೂ ಅವರ ಲೆಕ್ಕ ಸರಿಹೋಗುತ್ತಿತ್ತು.

ಬೀರುವಿನಲ್ಲಿ ಅಡುಗೆಯ ದುಡ್ಡು ಉಳಿದದ್ದು ಇನ್ನೂ ಇತ್ತು. ಈ ತಿಂಗಳ ಹೊಲಿಗೆಯ ದುಡ್ಡನ್ನು ಖಾತೆಗೆ ಕಟ್ಟಿರಲಿಲ್ಲ. ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಮಷೀನಿನ ಅಂಗಡಿಗೆ ನಡೆದೆ. ಅಂಗಡಿಯವನು ಅಷ್ಟನ್ನು ಮುಂಗಡ ಹಿಡಿದು, ಮಿಕ್ಕದ್ದಕ್ಕೆ ತಿಂಗಳ ಕಂತು ಮಾಡಿಕೊಟ್ಟ. ಸಾಮಾನು ಗಾಡಿಯಲ್ಲಿ ಮಷೀನಿನ ಪಕ್ಕ ನಾನೂ ಕೂತು ಮನೆಗೆ ಬಂದೆ.

ಇವರು ಬಾಗಿಲಲ್ಲೇ ನಿಂತಿದ್ದರು. ಮಷೀನು ನೋಡಿದರು, ನನ್ನನ್ನು ನೋಡಿದರು. ಬೈಯಲೂ ಇಲ್ಲ. ಅಭ್ಯಾಸಬಲ, ಫೋನು ಕೈಗೆ ತೆಗೆದುಕೊಂಡು ಇದನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂದು ಕೇಳಿದರು.

"ಅಡುಗೆ ಲೆಕ್ಕಕ್ಕೆ ಹಾಕ್ಕೊಳ್ಳಿ," ಎಂದೆ. "ಕೊಟ್ಟಿದ್ದೆಲ್ಲ ಖರ್ಚಾಗಿದೆ. ಅದರ ಮೇಲೆ ನನ್ನ ಹೊಲಿಗೆ ದುಡ್ಡೂ ಖರ್ಚಾಗಿದೆ. ನಾಳೆ ಒಂದನೇ ತಾರೀಕು. ಅಷ್ಟನ್ನೂ ಎಣಿಸಿ ಕೊಡಿ."