ಅರಮನೆ ನೋಡಿದ ಚಾಪೆ

ಹಡಗು ಬರುವ ದಿನ ಮನೆಗೆ ನೆಂಟರು ಬರಬಾರದು. ಇದು ಹಡಗಿನವರಿಗೆ ವ್ಯಾನಿನಲ್ಲಿ ಊರು ತೋರಿಸಿ ಬದುಕುವ ನಾನೇ ಮಾಡಿಕೊಂಡ ನಿಯಮ, ದೇವರು ಮಾಡಿದ್ದಲ್ಲ. ಆದ್ದರಿಂದ ನಮ್ಮತ್ತೆ ಕಲೊಲೈನೆ ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಎರಡು ಸಾವಿರ ಪ್ರವಾಸಿಗರನ್ನು ಹೊತ್ತ ದೊಡ್ಡ ಹಡಗು ನಮ್ಮ ರಾಜಧಾನಿ ನುಕುಅಲೋಫಾಕ್ಕೆ ಬರುವುದು ಮಂಗಳವಾರ ಅಂದರೆ, ಈಕೆ ಸೋಮವಾರ ಮಧ್ಯಾಹ್ನವೇ ಹಾಪಾಯ್ ದ್ವೀಪದಿಂದ ದೋಣಿಯಲ್ಲಿ ಬಂದಿಳಿದಳು. ಒಂದು ಬುಟ್ಟಿ ಗೆಣಸು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಾಪೆಗಳ ದೊಡ್ಡ ಕಟ್ಟು, ಜೊತೆಗೆ ಬಾಯಿ. ಮುಂದಿನ ವಾರದ ಬುಧವಾರ ನನ್ನ ಮಗಳು ಲೂಪೆಯ ಮದುವೆ ಇತ್ತು. ಸೋದರತ್ತೆ ಇಲ್ಲದೆ ನಮ್ಮಲ್ಲಿ ಮದುವೆ ನಡೆಯುವುದಿಲ್ಲ, ಸಾವೂ ನಡೆಯುವುದಿಲ್ಲ.

ಟೊಂಗಾದಲ್ಲಿ ಅಪ್ಪನ ಅಕ್ಕ ಅಂದರೆ ಮನೆಯ ಮಟ್ಟಿಗೆ ಎಲ್ಲರಿಗಿಂತ ಮೇಲಿನವಳು. ಅವಳಿಗೆ ನಮ್ಮ ಹಂದಿ ಬೇಕೆನಿಸಿದರೆ ಹಂದಿ ಹೋಯಿತು, ಹಾಸಿಗೆ ಬೇಕೆನಿಸಿದರೆ ಹಾಸಿಗೆ ಹೋಯಿತು. ನಾವು ಮಾತ್ರ ಅವಳ ಹತ್ತಿರ ಏನನ್ನೂ ಕೇಳುವಂತಿಲ್ಲ. ನಾವಿನ್ನೂ ಹಾಪಾಯ್ ಪಕ್ಕದ ಸಣ್ಣ ದ್ವೀಪದಲ್ಲಿದ್ದ ಕಾಲ, ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಒಂದು ಸೈಕಲ್ ಕೊಡಿಸಿದ್ದ. ನಾಲ್ಕನೇ ದಿನ ಅತ್ತೆ ಬಂದು ನೋಡಿ, ಚೆನ್ನಾಗಿದೆ, ನಮ್ಮ ಫಿನೌಗೆ ಆಗುತ್ತೆ ಅಂದಳು. ಅಪ್ಪ ನಗುನಗುತ್ತಾ ತಾನೇ ಸೈಕಲ್ ತಳ್ಳಿಕೊಂಡು ಹೋಗಿ ದೋಣಿಗೆ ಹಾಕಿ ಬಂದ. ನಾನು ಬಾಳೆಗಿಡಗಳ ಹಿಂದೆ ಕೂತು ಅತ್ತಿದ್ದೆ. ಈಗ ನನಗೆ ಐವತ್ತೆರಡು, ಆ ಸೈಕಲ್ಲಿನ ಬಣ್ಣ ಇನ್ನೂ ನೆನಪಿದೆ.

ಮಂಗಳವಾರ ಬೆಳಿಗ್ಗೆ ನಾನು ವ್ಯಾನ್ ತೊಳೆಯುತ್ತಿದ್ದರೆ ಅತ್ತೆ ಸಿಂಗರಿಸಿಕೊಂಡು ಬಂದು ನಿಂತಳು. ಕರಿ ಲಂಗ, ಎಣ್ಣೆ ಹಚ್ಚಿ ಬಾಚಿದ ತಲೆ, ಗೌರವದ ಜಾಗಕ್ಕೆ ಹೋಗುವಾಗ ನಮ್ಮವರು ಸೊಂಟಕ್ಕೆ ಸುತ್ತಿಕೊಳ್ಳುವ ನೇಯ್ದ ಚಾಪೆ. ನಲವತ್ತು ವರ್ಷದ ಹಿಂದೆ ಒಮ್ಮೆ ಆಸ್ಪತ್ರೆಗೆಂದು ಈ ಊರಿಗೆ ಬಂದಿದ್ದಳಂತೆ. ಆಗ ನೋಡಿದ್ದು ಆಸ್ಪತ್ರೆಯ ಗೋಡೆ ಮಾತ್ರ. ಈ ಸಲ ಅರಮನೆ ನೋಡಲೇಬೇಕು, ಜೊತೆಗೆ ಒಂದು ಸಣ್ಣ ಅಂಗಡಿ ಕೆಲಸವೂ ಇದೆ ಅಂದಳು. ಇವತ್ತು ಹಡಗಿನ ಜನ ಇದ್ದಾರೆ, ನಾಳೆ ಕರೆದುಕೊಂಡು ಹೋಗುತ್ತೇನೆ ಅಂದೆ. ಒಳಗಿನಿಂದ ನನ್ನ ಹೆಂಡತಿ ವಿಕಾಳ ದನಿ ಬಂತು.

"ಹಿಂದಿನ ಸೀಟು ಖಾಲಿ ತಾನೆ ಹೋಗೋದು? ಕಂಡವರಿಗೆಲ್ಲ ಊರು ತೋರಿಸ್ತೀರ, ಸೋದರತ್ತೆಗೆ ತೋರಿಸೋಕೆ ಕಷ್ಟ. ಊರಿಗೆ ಉಪಕಾರಿ, ಮನೆಗೆ ಮಾರಿ."

ಅತ್ತೆ ಆಗಲೇ ವ್ಯಾನ್ ಹತ್ತಿ ಕೂತಿದ್ದಳು.

ಅವಳು ಸೊಂಟಕ್ಕೆ ಕಟ್ಟಿದ್ದ ಚಾಪೆ ನನಗೆ ಸರಿಕಾಣಲಿಲ್ಲ. ಕಡು ಚಹಾದ ಬಣ್ಣಕ್ಕೆ ತಿರುಗಿದ ಹಳೇ ಚಾಪೆ. ಎರಡು ಕಡೆ ತೇಪೆ ಹಾಕಿತ್ತು, ಅಂಚು ಎಳೆಎಳೆಯಾಗಿ ಬಿಟ್ಟಿತ್ತು, ಒಂದು ಕಾಲದಲ್ಲಿ ಅಂಚಿಗಿದ್ದ ಕೆಂಪು ಗರಿಗಳಲ್ಲಿ ಬುಡ ಮಾತ್ರ ಉಳಿದಿತ್ತು. ಸವೆದು ಸವೆದು ಎಷ್ಟು ಮೆತ್ತಗಾಗಿತ್ತೆಂದರೆ ಅವಳು ನಡೆದರೆ ಬಟ್ಟೆಯ ಹಾಗೆ ಸದ್ದೇ ಮಾಡುತ್ತಿರಲಿಲ್ಲ. ನಮ್ಮಲ್ಲಿ ಹಳೇ ಚಾಪೆಗೇ ಗೌರವ ಹೆಚ್ಚು, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ವ್ಯಾನಿನಲ್ಲಿ ಕೂರುವ ಹೊರಗಿನವರಿಗೆ ಅದು ಹರಕಲು ಚಾಪೆ. ಬಿಸಿಲು ಜಾಸ್ತಿ, ವಿಕಾಳ ಹತ್ತಿರ ಹೊಸದೊಂದು ಹಗುರದ್ದಿದೆ, ಅದನ್ನು ಕಟ್ಟಿಕೊಳ್ಳಿ ಅಂದೆ.

"ರಾಜನ ಮನೆ ಮುಂದೆ ಹೋಗ್ತಾ ಇದೀನಿ ಕಣೋ ಲೊಪೆತಿ, ಕಡಲೆಕಾಯಿ ಮಾರೋಕಲ್ಲ," ಅಂದಳು ಅತ್ತೆ.

ಬಂದರಿನಲ್ಲಿ ನನಗೆ ಎಂಟು ಜನ ಸಿಕ್ಕರು. ಅವರಲ್ಲಿ ಡೋರಿನ್ ಅಂತ ಒಬ್ಬಾಕೆ, ಎಪ್ಪತ್ತು ದಾಟಿದ ನಿವೃತ್ತ ಟೀಚರು, ಅಗಲ ಟೋಪಿ, ಎಲ್ಲದಕ್ಕೂ ಪ್ರಶ್ನೆ. ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನೇ ಎಷ್ಟೋ ಸಲ ಮನಸ್ಸಿನಲ್ಲಿ ಆಕೆಯನ್ನು ಬೈದು ಹಗುರಾಗಲು ನೋಡಿದ್ದೇನೆ. ಆ ವರ್ಷ ಹಡಗಿನವರು ಕಾಯಂ ಕೆಲಸಕ್ಕೆ ಮೂರು ಜನ ಡ್ರೈವರುಗಳನ್ನು ಆರಿಸುತ್ತಿದ್ದರು. ಪ್ರವಾಸಿಗರು ಯಾರ ಹೆಸರು ಬರೆದುಕೊಡುತ್ತಾರೋ ಅವರಿಗೆ ಕೆಲಸ. ನಿನ್ನ ಹೆಸರನ್ನು ನಾನು ಬರೆದೇ ಬರೆಯುತ್ತೇನೆ ಅಂತ ಡೋರಿನ್ ಹತ್ತು ಗಂಟೆಗೇ ಮಾತು ಕೊಟ್ಟಿದ್ದಳು.

ಹೌಮಾದ ಬಂಡೆಗಳಲ್ಲಿ ಸಮುದ್ರದ ನೀರು ತೂತುಗಳಿಂದ ಮರದೆತ್ತರ ಚಿಮ್ಮುವುದನ್ನು ಕಂಡು ಎಲ್ಲರೂ ಕಿರುಚಿದರು. ಅತ್ತೆ ಮಾತ್ರ ಅವರು ಕಿರುಚುವುದನ್ನೇ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊಲೊವಾಯ್‌ನಲ್ಲಿ ಮರದ ತುಂಬ ತಲೆಕೆಳಗಾಗಿ ನೇತಾಡುವ ಬಾವಲಿಗಳನ್ನು ಅವರು ಅರ್ಧ ಗಂಟೆ ಫೋಟೋ ಹಿಡಿದಾಗ, ಇವರ ದೇಶದಲ್ಲಿ ಮರಗಳೇ ಇಲ್ಲವಾ ಪಾಪ ಅಂತ ನನ್ನನ್ನು ಕೇಳಿದಳು. ಹಿಂದಿನ ಸೀಟಿನಲ್ಲಿ ಅವಳು ಖುಷಿಯಾಗಿಯೇ ಇದ್ದಳು. ಊರೊಳಗೆ ಬರುತ್ತಿದ್ದ ಹಾಗೆ ಮಾತ್ರ ಮುಂದಕ್ಕೆ ಬಾಗಿ, ಅರಮನೆ ಯಾವ ಕಡೆ ಅಂತ ಎರಡು ಸಲ ಕೇಳಿದಳು. ಮೊದಲು ಮಾರ್ಕೆಟ್ಟು, ಅರಮನೆ ಕೊನೆಗೆ ಅಂದೆ. ಹಡಗಿನವರ ಪಟ್ಟಿ ಹಾಗಿತ್ತು. ಆ ಪಟ್ಟಿಯನ್ನು ಒಂದು ದಿನದ ಮಟ್ಟಿಗೆ ಹಿಂದುಮುಂದು ಮಾಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಮಾರ್ಕೆಟ್ಟಿನಲ್ಲಿ ಎಂಟು ಜನ ಎಂಟು ದಿಕ್ಕಿಗೆ ಹೋದರು. ಅತ್ತೆ ನನ್ನನ್ನು ಪಕ್ಕದ ಚೀನಿಯವನ ಅಂಗಡಿಗೆ ಎಳೆದುಕೊಂಡು ಹೋಗಿ ಕೆಂಪು ಉಣ್ಣೆ ದಾರ ತೆಗೆಸಿದಳು. ಒಂದು ಕೆಂಪು ತೀರಾ ಕಪ್ಪಾಯಿತು, ಇನ್ನೊಂದು ಕೇಸರಿಯಾಯಿತು. ಮೂರನೆಯದಕ್ಕೆ ಎಂಜಲು ಹಚ್ಚಿ ಉಜ್ಜಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿಯಾದ ಮೇಲೆ ನಾಲ್ಕು ಉಂಡೆ ಕೊಂಡಳು. ನನಗೆ ಅವಸರ. ಈ ಸೆಕೆಯಲ್ಲಿ ಉಣ್ಣೆ ಯಾಕೆ ಅತ್ತೆ ಅಂದೆ.

"ನಿನ್ನ ಬಾಯಿ ಹೊಲಿಯೋಕೆ," ಅಂದಳು.

ವಾಪಸು ಬರುವಾಗ ಡೋರಿನ್ ಎದುರಾದಳು. ಕೈ ತುಂಬ ಬುಟ್ಟಿ, ಮರದ ತಿಮಿಂಗಿಲ. ಅತ್ತೆಯ ಮುಂದೆ ನಿಂತವಳು ಬಗ್ಗಿ, ಚಾಪೆಯ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿದಳು. ಇಂಥ ನೇಯ್ಗೆ ಇಡೀ ಮಾರ್ಕೆಟ್ಟಿನಲ್ಲಿ ನೋಡಲಿಲ್ಲ, ಇವರು ಇದನ್ನು ಮಾರುತ್ತಾರಾ ಕೇಳು ಅಂದಳು.

ಇಂಥ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರವಿದೆ. ಸೊಂಟದ ಚಾಪೆಯನ್ನು ನಾವು ಮಾರುವುದಿಲ್ಲ ಮೇಡಂ, ಅದು ನಮ್ಮ ಮರ್ಯಾದೆ. ಹದಿನೈದು ವರ್ಷದಲ್ಲಿ ನೂರು ಸಲ ಹೇಳಿದ್ದೇನೆ, ಕೇಳಿದವರು ಖುಷಿಪಟ್ಟು ಬರೆದುಕೊಂಡಿದ್ದಾರೆ. ಆವತ್ತು ಆ ಮಾತು ಬರಲಿಲ್ಲ. ಆಕೆ ಬರೆಯಲಿದ್ದ ನನ್ನ ಹೆಸರು ಕಣ್ಣ ಮುಂದಿತ್ತು. ಮನೆಯಲ್ಲಿ ಅತ್ತೆಯದೇ ಚಾಪೆಗಳ ಕಟ್ಟು ಇದೆ, ಇದೊಂದು ಹರಕಲು ಹೋದರೆ ಏನಾಯಿತು ಅನ್ನಿಸಿತು. ಆ ಸೈಕಲ್ಲೂ ಮನಸ್ಸಿನ ಮೂಲೆಯಲ್ಲಿ ಇತ್ತೋ ಏನೋ. ಇಲ್ಲ ಅಂದರೆ ಸುಳ್ಳಾಗುತ್ತದೆ.

"ಅತ್ತೆ, ಇವರಿಗೆ ನಿಮ್ಮ ಚಾಪೆ ಬೇಕಂತೆ. ಕೊಡ್ತೀರಾ?"

ಅತ್ತೆ ಆಕೆಯ ಮುಖ ನೋಡಲಿಲ್ಲ. ನನ್ನ ಮುಖ ನೋಡಿದಳು.

"ಯಾರು ಕೇಳ್ತಾ ಇರೋದು? ಅವರೋ, ನೀನೋ?"

"ನಾನೇ ಅಂದ್ಕೊಳ್ಳಿ," ಅಂದೆ.

ಹುಟ್ಟಿದಾಗಿನಿಂದ ನಾನು ಅವಳ ಹತ್ತಿರ ಏನನ್ನೂ ಕೇಳಿರಲಿಲ್ಲ. ಅವಳಿಗೆ ಇದು ಗೊತ್ತಿತ್ತು. ಉಣ್ಣೆಯ ಚೀಲವನ್ನು ನನ್ನ ಕೈಗೆ ಕೊಟ್ಟು, ಸೊಂಟದ ಹಗ್ಗದ ಗಂಟು ಬಿಚ್ಚಿ, ಚಾಪೆಯನ್ನು ಎರಡು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಡೋರಿನ್‌ಗೆ ಕೊಟ್ಟಳು. ಆಕೆ ಪರ್ಸು ತೆಗೆದಾಗ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಡೋರಿನ್ ಅತ್ತುಬಿಟ್ಟಳು. ಇಂಥ ಜನ ಇನ್ನೂ ಭೂಮಿಯ ಮೇಲಿದ್ದಾರಲ್ಲ ಅಂತ ಅತ್ತೆಯ ಎರಡು ಕೆನ್ನೆಗೂ ಮುತ್ತಿಟ್ಟಳು. ನಾನೂ ಹೆಮ್ಮೆಯಿಂದ ನಗುತ್ತಾ ನಿಂತಿದ್ದೆ.

ಅರಮನೆಯ ಹತ್ತಿರ ವ್ಯಾನ್ ನಿಲ್ಲಿಸಿದಾಗ ಮೂರು ಗಂಟೆ. ಬಿಳಿ ಗೋಡೆ, ಕೆಂಪು ಛಾವಣಿ, ಹಿಂದೆ ಸಮುದ್ರ. ಎಲ್ಲರೂ ಇಳಿದು ಬೇಲಿಯ ಹತ್ತಿರ ಓಡಿದರು. ಅತ್ತೆ ಇಳಿಯಲಿಲ್ಲ. ನಾನು ಹಿಂದಿನ ಬಾಗಿಲು ತೆಗೆದು, ಬನ್ನಿ ಅತ್ತೆ, ನೀವು ಹೇಳಿದ ಅರಮನೆ ಅಂದೆ.

"ಹೇಗೆ ಬರ್ಲಿ? ಸೊಂಟ ಬರಿದಾಗಿದೆ."

ನನಗೆ ಅದು ಹೊಳೆದೇ ಇರಲಿಲ್ಲ. ಸೊಂಟಕ್ಕೆ ಚಾಪೆಯಿಲ್ಲದೆ ರಾಜನ ಮನೆಯ ಮುಂದೆ ನಿಲ್ಲುವುದು ಅವಳ ಕಾಲದವರಿಗೆ ಬತ್ತಲೆ ನಿಂತ ಹಾಗೆ. ಪಕ್ಕದ ಅಂಗಡಿಯಲ್ಲಿ ಒಂದು ತರುತ್ತೇನೆ ಅಂದೆ. ಬೇಡ ಅಂದಳು. ಅವಳು ಕಿಟಕಿಯಿಂದ ಬೇಲಿಯ ಕಡೆ ನೋಡುತ್ತಿದ್ದಳು. ಅಲ್ಲಿ ಡೋರಿನ್ ಚಾಪೆಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ಅರಮನೆ ಹಿಂದೆ ಬರುವ ಹಾಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಳು.

"ಹೋಗ್ಲಿ, ಚಾಪೆಯಾದ್ರೂ ನೋಡ್ತಲ್ಲ," ಅಂದಳು ಅತ್ತೆ. "ನಮ್ಮಮ್ಮ ಅರಮನೆ ನೋಡ್ಬೇಕು ಅಂತ ಹೇಳ್ತಾನೇ ಸತ್ತಳು. ಅವಳ ಚಾಪೆಗೆ ತೋರಿಸೋಣ ಅಂತಲೇ ಕಟ್ಕೊಂಡು ಬಂದಿದ್ದೆ."

ಅಜ್ಜಿಯ ಚಾಪೆ. ಹೆಸರು ಕೇಳಿದ್ದೆ, ಚಿಕ್ಕಂದಿನಲ್ಲೇ ದ್ವೀಪ ಬಿಟ್ಟು ಬಂದವನು, ಕಣ್ಣಾರೆ ಕಂಡಿರಲಿಲ್ಲ. ಡೋರಿನ್ ಹತ್ತು ಹೆಜ್ಜೆ ದೂರದಲ್ಲಿದ್ದಳು. ಹೋಗಿ, ತಪ್ಪಾಯಿತು ಮೇಡಂ, ಇದು ಮನೆತನದ್ದು ಅಂದಿದ್ದರೆ ಆಕೆ ಆ ಕ್ಷಣವೇ ಬಿಚ್ಚಿಕೊಡುತ್ತಿದ್ದಳು. ಇವತ್ತಿಗೂ ನನಗೆ ಅದರಲ್ಲಿ ಅನುಮಾನವಿಲ್ಲ. ಕೇಳಿ ಬರುತ್ತೇನೆ ಅಂತ ಎರಡು ಹೆಜ್ಜೆ ಇಟ್ಟೆ. ಕೊಟ್ಟದ್ದನ್ನು ವಾಪಸು ಕೇಳಿ ನನ್ನ ಮಾನ ಕಳೆಯಬೇಡ ಅಂದಳು ಅತ್ತೆ. ನಿಜ ಹೇಳಲೇ? ಅವಳು ಹಾಗೆ ಅಂದದ್ದು ನನಗೆ ನೆಮ್ಮದಿಯೆನಿಸಿತು. ಆ ನೆಮ್ಮದಿಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಬಂದರಿಗೆ ಹೊರಟಾಗ ಡೋರಿನ್‌ನ ಸೀಟು ಬಿಸಿಲಿಗೆ ಕಾದಿತ್ತು. ಆಕೆ ಚಾಪೆಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿಕೊಂಡು ಕೂತಳು. ಕನ್ನಡಿಯಲ್ಲಿ ಕಂಡೆ. ಹಿಂದಿನ ಸೀಟಿನಲ್ಲಿ ಅತ್ತೆ ಮುಖ ತಿರುಗಿಸಿ ಸಮುದ್ರ ನೋಡುತ್ತಿದ್ದಳು. ಹಡಗು ಐದು ಗಂಟೆಗೆ ಹೋಯಿತು.

ಮನೆಯಲ್ಲಿ ಅತ್ತೆ ಯಾರಿಗೂ ಏನೂ ಹೇಳಲಿಲ್ಲ. ವಿಕಾಗೆ ನಾನೂ ಹೇಳಲಿಲ್ಲ. ಮದುಮಗಳ ಸೊಂಟಕ್ಕೆ ಕಟ್ಟಲೆಂದು ಸೋದರತ್ತೆ ತರುವ ಚಾಪೆ ಆ ಪ್ಲಾಸ್ಟಿಕ್ ಕಟ್ಟಿನೊಳಗೆ ಭದ್ರವಾಗಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮದುಮಗಳ ಚಾಪೆಯನ್ನು ಮದುವೆಯ ದಿನದ ತನಕ ಬಿಚ್ಚಿ ತೋರಿಸುವುದಿಲ್ಲ, ಹಾಗಾಗಿ ಕೇಳುವಂತೆಯೂ ಇರಲಿಲ್ಲ. ಆ ವಾರವಿಡೀ ಅತ್ತೆ ಜಗಲಿಯಲ್ಲಿ ಕೂತು, ವಿಕಾಳ ಹೊಸ ಚಾಪೆಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಅಂಚಿಗೆ ಕೆಂಪು ಉಣ್ಣೆ ಹೊಲಿಯುತ್ತಿದ್ದಳು. ಯಾಕೆ ಕಣ್ಣು ಕೆಡಿಸಿಕೊಳ್ಳುತ್ತೀರಿ ಅಂದದ್ದಕ್ಕೆ, ದಾರ ತಂದಾಗಿದೆಯಲ್ಲ, ಸುಮ್ಮನೆ ಯಾಕೆ ಇಡುವುದು ಅಂದಳು. ಆಗಲೂ ನನ್ನ ಮಂಡೆಗೆ ಹೋಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಒಲೆ ಅಟ್ಟ ಮೇಲೂ ಒಂದು ವಾರ ಬಿಟ್ಟು ಉರಿಯಿತು.

ಬುಧವಾರ ಬೆಳಿಗ್ಗೆ ಲೂಪೆಯನ್ನು ಸಿಂಗರಿಸುವಾಗ ಮನೆ ತುಂಬ ಜನ. ಅತ್ತೆ ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಕೂತಿದ್ದಳು. ಕಟ್ಟು ಬಿಚ್ಚಿದರು. ಮಲಗುವ ಚಾಪೆಗಳು, ಹಾಸುವ ಚಾಪೆಗಳು, ಉಡುಗೊರೆಯ ನಾರುಬಟ್ಟೆ. ಅಷ್ಟೇ. ಹಾಪಾಯ್‌ನಿಂದ ಬಂದಿದ್ದ ಅತ್ತೆಯ ಮಗ ಫಿನೌ, ನನ್ನ ಸೈಕಲ್ ತುಳಿದವನು, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ಅಜ್ಜಿ ಚಾಪೆ ಎಲ್ಲಮ್ಮ? ನಮ್ಮನೆ ಹೆಣ್ಣುಮಕ್ಕಳೆಲ್ಲ ಅದನ್ನ ಕಟ್ಕೊಂಡೇ ಅಲ್ವಾ ಮದುವೆ ಆಗಿದ್ದು? ಲೂಪೆಗೆ ಹೊಸ ಕೆಂಪು ಅಂಚು ಹಾಕಿ ಕೊಡ್ತೀನಿ ಅಂತ ಹೊತ್ಕೊಂಡು ಬಂದೆಯಲ್ಲ."

ಅತ್ತೆ ತಲೆ ಎತ್ತಲಿಲ್ಲ.

"ಲೊಪೆತಿ ಕೇಳ್ದ. ಕೊಟ್ಟೆ," ಅಂದಳು.

ಇಡೀ ಮನೆ ನನ್ನ ಕಡೆ ತಿರುಗಿತು. ಯಾರ ಕಣ್ಣಲ್ಲೂ ಸಿಟ್ಟಿರಲಿಲ್ಲ, ಅದೇ ಕಷ್ಟ. ಸೋದರತ್ತೆ ಕೈಯಾರೆ ಕೊಟ್ಟಳಲ್ಲ, ಎಂಥ ಪುಣ್ಯವಂತ ಅಂತ ಎಲ್ಲರೂ ನಗುತ್ತಿದ್ದರು. ಚಾಪೆ ನನ್ನ ಪೆಟ್ಟಿಗೆಯಲ್ಲಿದೆ ಅಂದುಕೊಂಡಿದ್ದರು. ಲೂಪೆ ಕಟ್ಟಿಸಿಕೊಳ್ಳಲು ಎರಡೂ ಕೈ ಮೇಲೆತ್ತಿ ನಿಂತಿದ್ದಳು.

"ಅಪ್ಪ, ತಗೊಂಡು ಬನ್ನಿ. ಚರ್ಚಿಗೆ ಹೊತ್ತಾಯ್ತು."

ಇಡೀ ದಿನ ಬಾಯಿ ಮುಚ್ಚದೆ ಪರದೇಶದವರಿಗೆ ಊರು ತೋರಿಸುವವನು ನಾನು. ಆವತ್ತು ನನ್ನ ಬರಿಗೈ ನೋಡಿಕೊಳ್ಳುತ್ತಾ ನಿಂತೆ. ಲೂಪೆ ನನ್ನನ್ನೇ ನೋಡುತ್ತಾ ನಿಂತಳು. ಎತ್ತಿದ ಕೈ ನಿಧಾನಕ್ಕೆ ಇಳಿಯಿತು. ಆಗ ಅತ್ತೆ ಎದ್ದು, ಕೆಂಪು ಅಂಚಿನ ಆ ಹೊಸ ಚಾಪೆಯನ್ನು ತಂದು, ಕೈ ಎತ್ತು ಮಗಳೇ ಅಂತ ಹೇಳಿ ತಾನೇ ಸುತ್ತಿ ಗಂಟು ಹಾಕಿದಳು. ಯಾರೂ ಮತ್ತೆ ಕೇಳಲಿಲ್ಲ.

ಆ ಕಾಯಂ ಕೆಲಸ ನನಗೇ ಸಿಕ್ಕಿತು. ಡೋರಿನ್ ಎರಡು ಪುಟ ಬರೆದಿದ್ದಳಂತೆ. ಅತ್ತೆ ಮಾರನೆಯ ವರ್ಷ ಊರಲ್ಲೇ ತೀರಿಕೊಂಡಳು, ಅರಮನೆ ನೋಡಲು ಮತ್ತೆ ಬರಲಿಲ್ಲ. ಪ್ರತಿ ಹಡಗಿನ ದಿನ ಮೂರು ಗಂಟೆಗೆ ನಾನು ಆ ಬೇಲಿಯ ಹತ್ತಿರ ವ್ಯಾನ್ ನಿಲ್ಲಿಸುತ್ತೇನೆ. ಜನ ಇಳಿದು ಹೋದ ಮೇಲೆ ಹಿಂದಿನ ಸೀಟಿನ ಕಡೆ ನೋಡುವುದಿಲ್ಲ.

ಮದುವೆಯ ದಿನ ಲೂಪೆಯ ಪಕ್ಕದಲ್ಲಿ ಚರ್ಚಿನ ತನಕ ನಡೆದವನು ನಾನೇ. ಅವಳು ನನ್ನ ಜೊತೆ ಮಾತಾಡಲಿಲ್ಲ. ಹೊಸ ಚಾಪೆ ಹೆಜ್ಜೆಹೆಜ್ಜೆಗೂ ಕರಕರ ಅನ್ನುತ್ತಿತ್ತು. ಅಜ್ಜಿಯದಾಗಿದ್ದರೆ ಸದ್ದೇ ಇರುತ್ತಿರಲಿಲ್ಲ.